ನಮ್ಮ ಮಕ್ಕಳೂ ನೌಕಾದಳವೂ

ಕಳೆದ ಮಾರ್ಗಶಿರ ಮಾಸದ ಒಂದು ಸಾಯಂಕಾಲ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಶಿರಸಿಯ ಸಮೀಪದ ಹಳ್ಳಿಯಲ್ಲಿ ಅವರಿಗೆ ಅಡಿಕೆಯ ತೋಟವುಂಟು. ವಯಸ್ಸು ನಾಲ್ವತ್ತನ್ನು ದಾಟಿದೆ. ಹುಡುಗಿಯು ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನವನ್ನು ಓದುತ್ತಿರುವಳು. ಕಾಫಿಯಾದ ಬಳಿಕ ತಂದೆಯು ಸ್ವಲ್ಪ ಸಂಕೋಚದಿಂದ, “ಮಾಸ್ತರೆ, ಇವಳು ನೌಕಾದಳದ ಅಧಿಕಾರಿಯಾಗಬೇಕೆಂದು ಹಟ ಹಿಡಿದಿದ್ದಾಳೆ. ಅರ್ಜಿ ಹಾಕಲಿಕ್ಕೆ ಇನ್ನು ಕೆಲವೇ ದಿವಸ ಉಳಿದಿದೆ. ಇವಳ ತಾಯಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನೀವು ಹೇಳಿದ ಹಾಗೆ ಮಾಡುತ್ತೇನೆ” ಎಂದರು.

ಈ ಕಡೆಯ ಮಾತು ನಮ್ಮನ್ನು ಚುಚ್ಚಿತು. ಏಕೆಂದರೆ ಇಪ್ಪತ್ತಾರು ವರುಷಗಳ ಹಿಂದೆ ಇದೇ ಗೃಹಸ್ಥರು, ಆಗ ಹದಿನೆಂಟರ ಹುಡುಗರಾಗಿದ್ದವರು, ಇದೇ ವಿಷಯಕ್ಕಾಗಿ ಇದೇ ಜಗಲಿಯ ಮೇಲೆ ತಮ್ಮ ತಂದೆಯೊಡನೆ ಬಂದು ಕುಳಿತಿದ್ದರು. ಆಗ ನಾವು ತಿಳಿದವರಂತೆ, “ಮೊದಲು ಒಂದು ಪದವಿಯಾಗಲಿ. ಕಡಲೆಲ್ಲಿಗೂ ಓಡಿಹೋಗುವುದಿಲ್ಲ” ಎಂದು ಹೇಳಿ ಕಳುಹಿದೆವು. ಕಡಲು ಓಡಿಹೋಗಲಿಲ್ಲ, ನಿಜ. ಹುಡುಗನ ವಯಸ್ಸು ಮಾತ್ರ ನಿಲ್ಲಲಿಲ್ಲ. ಪದವಿಯಾದ ಮೇಲೂ ಆ ಸೇವೆಗೆ ಬೇರೆ ದಾರಿಗಳುಂಟೆಂಬುದು ಆತನಿಗೂ ತಿಳಿಯದು, ಹೇಳಬೇಕಾಗಿದ್ದ ನಮಗೂ ತಿಳಿಯದು. ಅಷ್ಟರಲ್ಲಿ ತೋಟದ ಭಾರ ಹೆಗಲಿಗೆ ಬಿತ್ತು. ಈಗ ಅವರು ಸುಖವಾಗಿಯೇ ಇದ್ದಾರೆ. ನಮ್ಮನ್ನು ಒಂದು ದಿನವೂ ದೂರಿದವರಲ್ಲ. ಆದರೂ ಅರಿಯದ ವಿಷಯದಲ್ಲಿ ಉಪದೇಶ ಮಾಡಿದ ಅಪರಾಧವು ನಮ್ಮದೇ ಸರಿ. ಆದಕಾರಣ ಈ ಸಲ, “ನಾಲ್ಕು ದಿವಸ ಕೊಡಪ್ಪಾ, ವಿಚಾರಿಸಿ ಹೇಳುತ್ತೇವೆ” ಎಂದೆವು. ವಿಚಾರಿಸಿ ತಿಳಿದುದನ್ನು ಇಂಥ ಮಕ್ಕಳಿರುವ ಇತರ ಗೃಹಸ್ಥರಿಗೂ ತಿಳಿಸೋಣವೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಕಡಲೆಂದರೆ ನಮ್ಮ ಮನೆಗಳಲ್ಲಿ ಇಷ್ಟು ಅಂಜಿಕೆಯೇಕೆ? ಬೌಧಾಯನ ಧರ್ಮಸೂತ್ರವು ಪತನಕ್ಕೆ ಕಾರಣವಾಗುವ ಕರ್ಮಗಳನ್ನು ಎಣಿಸುವಾಗ ಸಮುದ್ರಯಾನವನ್ನೇ ಮೊದಲು ಹೇಳುತ್ತದೆ. ಅದೇ ಗ್ರಂಥದ ಇನ್ನೊಂದೆಡೆಯಲ್ಲಿ ಸಮುದ್ರಯಾನವೂ ಆಯುಧಜೀವನವೂ ಉತ್ತರದೇಶದವರ ಆಚಾರಗಳೆಂದು ಬರೆದಿದೆ. ಅಂದರೆ ನಿಷೇಧವಿದ್ದ ಕಾಲದಲ್ಲಿಯೂ ಹೋಗುವವರು ಹೋಗುತ್ತಲೇ ಇದ್ದರೆಂದಾಯಿತು. ಅದಕ್ಕಿಂತ ಪ್ರಾಚೀನವಾದ ಋಗ್ವೇದದಲ್ಲಿ, ನಡುಗಡಲಲ್ಲಿ ಸಿಕ್ಕಿಕೊಂಡ ತುಗ್ರನ ಮಗ ಭುಜ್ಯುವನ್ನು ಅಶ್ವಿನೀದೇವತೆಗಳು ನೂರು ಹುಟ್ಟುಗಳ ನಾವೆಯಲ್ಲಿ ದಡ ಸೇರಿಸಿದ ಕಥೆಯಿದೆ. ನಮ್ಮ ನಾಡಿನ ಮಾತಿಗೆ ಬಂದರೆ, ರವಿಕೀರ್ತಿಯು ರಚಿಸಿದ ಕ್ರಿ. ಶ. ೬೩೪ರ ಐಹೊಳೆಯ ಶಾಸನವು ಇಮ್ಮಡಿ ಪುಲಕೇಶಿಯು ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರೀನಗರವನ್ನು ಮುತ್ತಿದುದನ್ನು ಹೊಗಳುತ್ತದೆ. ಮೂವತ್ತು ವರುಷ ಈ ಶಾಸನವನ್ನು ಮಕ್ಕಳಿಗೆ ಪಾಠ ಹೇಳಿದ ನಾವೇ ಹಡಗು ಹತ್ತಬೇಕೆಂದ ಹುಡುಗನನ್ನು ಹಿಂದಕ್ಕೆ ಕಳುಹಿದೆವು!

ಈಗ ಪ್ರವೇಶದ ವಿಷಯ. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದುತ್ತಿರುವ ಅಥವಾ ಓದಿ ಮುಗಿಸಿದ ಅವಿವಾಹಿತ ಮಕ್ಕಳಿಗೆ ಮುಖ್ಯದ್ವಾರವೆಂದರೆ ಕೇಂದ್ರ ಲೋಕಸೇವಾ ಆಯೋಗವು ವರುಷಕ್ಕೆ ಎರಡಾವರ್ತಿ ನಡೆಸುವ ಎನ್.ಡಿ.ಎ. ಪರೀಕ್ಷೆ. ತರಬೇತು ಆರಂಭವಾಗುವ ವೇಳೆಗೆ ವಯಸ್ಸು ಹದಿನಾರೂವರೆಗೆ ಕಡಿಮೆಯೂ ಹತ್ತೊಂಬತ್ತೂವರೆಗೆ ಹೆಚ್ಚೂ ಇರಕೂಡದು. ಗಣಿತಕ್ಕೆ ೩೦೦ ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ ೬೦೦ ಅಂಕ. ಪ್ರಶ್ನಪತ್ರಿಕೆಗಳು ಹಿಂದಿ ಮತ್ತು ಇಂಗ್ಲಿಷುಗಳಲ್ಲಿ ಇರುತ್ತವೆ. ನಮ್ಮವರು ಧಾರವಾಡದಲ್ಲಿಯೋ ಬೆಂಗಳೂರಿನಲ್ಲಿಯೋ ಕುಳಿತು ಬರೆಯಬಹುದು. ಅರ್ಜಿಯ ಶುಲ್ಕವು ನೂರು ರೂಪಾಯಿ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಇದಲ್ಲದೆ ಜೆ.ಇ.ಇ. ಮೈನ್ ಪರೀಕ್ಷೆಯ ಸ್ಥಾನವನ್ನು ನೋಡಿ ನೇರವಾಗಿ ಬಿ.ಟೆಕ್. ತರಬೇತಿಗೆ ಕರೆಯುವ ಕ್ರಮವೂ ಉಂಟು. ಅದಕ್ಕೆ ಮೇಲಿನ ಮೂರು ವಿಷಯಗಳಲ್ಲಿ ನೂರಕ್ಕೆ ಎಪ್ಪತ್ತು ಅಂಕಗಳಿರಬೇಕು. ಪದವೀಧರರಿಗೆ ಸಿ.ಡಿ.ಎಸ್. ಪರೀಕ್ಷೆ, ಅಲ್ಪಾವಧಿ ಸೇವೆ ಎಂಬ ಬೇರೆ ಬಾಗಿಲುಗಳಿವೆ. ಅವುಗಳ ವಿವರವನ್ನು ಪ್ರಕಟಣೆಗಳಲ್ಲಿಯೇ ನೋಡಿಕೊಳ್ಳುವುದು ಒಳ್ಳೆಯದು.

ಬರೆಹದ ಪರೀಕ್ಷೆಯನ್ನು ದಾಟಿದರೆ ಅರ್ಧ ದಾರಿ ಮಾತ್ರ. ಉಳಿದ ಅರ್ಧವು ಸರ್ವಿಸಸ್ ಸೆಲೆಕ್ಷನ್ ಬೋರ್ಡ್ ಎಂಬ ಆಯ್ಕೆಯ ಮಂಡಲಿಯ ಕೈಯಲ್ಲಿದೆ. ಇದಕ್ಕೂ ೯೦೦ ಅಂಕಗಳೇ. ಬೆಂಗಳೂರು, ಭೋಪಾಲ ಮೊದಲಾದ ಸ್ಥಳಗಳಲ್ಲಿ ನಡೆಯುವ ಈ ಐದು ದಿವಸಗಳ ಪರೀಕ್ಷೆಯನ್ನು ಕುರಿತು ಕೇಳಿದಾಗ ಉಪಾಧ್ಯಾಯರಾದ ನಮಗೆ ಬಹಳ ಕುತೂಹಲವಾಯಿತು. ಮೊದಲ ದಿವಸವೇ ಜರಡಿ ಹಿಡಿದು ಬಹುಮಂದಿಯನ್ನು ಊರಿಗೆ ಕಳುಹಿಬಿಡುತ್ತಾರೆ. ಉಳಿದವರಿಗೆ ಮಸುಕಾದ ಚಿತ್ರವೊಂದನ್ನು ಅರ್ಧ ನಿಮಿಷ ತೋರಿಸಿ ನಾಲ್ಕು ನಿಮಿಷಗಳಲ್ಲಿ ಕಥೆ ಬರೆಯಿಸುತ್ತಾರೆ. ಹೀಗೆ ಹನ್ನೊಂದು ಚಿತ್ರಗಳಾದ ಮೇಲೆ ಹನ್ನೆರಡನೆಯದು ಬರಿಯ ಬಿಳಿಯ ಹಲಗೆ! ಅನಂತರ ಅರವತ್ತು ಶಬ್ದಗಳು. ಒಂದೊಂದಕ್ಕೂ ಹದಿನೈದು ಸೆಕೆಂಡು, ಅಷ್ಟರೊಳಗೆ ಮನಸ್ಸಿಗೆ ತೋಚಿದುದನ್ನು ಬರೆಯಬೇಕು. ಇಂಥ ವೇಗದಲ್ಲಿ ಕಂಠಪಾಠವು ಕೈಕೊಡುತ್ತದೆ, ಒಳಗಿರುವ ಸ್ವಭಾವವು ಹೊರಕ್ಕೆ ಬರುತ್ತದೆ. ಆಮೇಲೆ ಎಂಟು ಹತ್ತು ಮಂದಿಯ ಗುಂಪಿಗೆ ಹಲಗೆ, ಹಗ್ಗ, ಮರದ ತೊಲೆಗಳನ್ನು ಕೊಟ್ಟು ನೆಲ ಮುಟ್ಟದೆ ಒಂದು ಅಡ್ಡಿಯನ್ನು ದಾಟಿರೆನ್ನುತ್ತಾರೆ. ಯಾರು ಆಜ್ಞೆ ಮಾಡುವರು, ಯಾರು ಇನ್ನೊಬ್ಬರ ಮಾತನ್ನು ಕೇಳುವರು, ಸೋತವನಿಗೆ ಯಾರು ಕೈ ಕೊಡುವರು ಎಂಬುದನ್ನು ಅಧಿಕಾರಿಯೊಬ್ಬರು ದೂರದಲ್ಲಿ ನಿಂತು ಬರೆದುಕೊಳ್ಳುತ್ತಿರುತ್ತಾರೆ.

ಇಲ್ಲಿ ನಮ್ಮದೊಂದು ಅಭಿಪ್ರಾಯವುಂಟು. ಕನ್ನಡ ಶಾಲೆಗಳಲ್ಲಿ ಓದಿದ ನಮ್ಮ ಮಕ್ಕಳು ಈ ಮಂಡಲಿಯ ಮುಂದೆ ತಡವರಿಸಿದರೆ ಅದು ಬುದ್ಧಿಯ ಕೊರತೆಯಿಂದಲ್ಲ. ಹಿರಿಯರ ಎದುರಿಗೆ ಮಾತನಾಡಬಾರದೆಂದು ಹದಿನೇಳು ವರುಷ ಕಲಿಸಿ, ಆಮೇಲೆ ಒಂದೇ ದಿನದಲ್ಲಿ ಸಭೆಯ ನಡುವೆ ಮಾತನಾಡೆಂದರೆ ಹುಡುಗನು ಏನು ಮಾಡಿಯಾನು? ತೋಟಕ್ಕೆ ನೀರಿನ ಪಂಪು ಕೊಳ್ಳುವಾಗಲೋ ಮನೆಯ ಮದುವೆಯ ಲೆಕ್ಕ ಹಾಕುವಾಗಲೋ ಮಕ್ಕಳನ್ನೂ ಕೂರಿಸಿಕೊಂಡು ಅವರ ಅಭಿಪ್ರಾಯವೇನೆಂದು ಕೇಳುವ ತಂದೆತಾಯಿಗಳು ಯಾವ ತರಬೇತಿನ ಅಂಗಡಿಯೂ ಕಲಿಸಲಾರದುದನ್ನು ಕಲಿಸುತ್ತಾರೆ. ಮೊದಲ ಸಲ ಹಿಂದಿರುಗಿ ಬಂದವರು ಎರಡನೆಯ ಮೂರನೆಯ ಸಲ ಆಯ್ಕೆಯಾಗುವುದುಂಟು. ವಯಸ್ಸಿನ ಮಿತಿಯೊಳಗೆ ಎಷ್ಟು ಸಲವಾದರೂ ಬರೆಯಬಹುದು. ಹಿಂದಿರುಗಿ ಬಂದ ಮಗುವನ್ನು ಮನೆಯವರು ಹೀಯಾಳಿಸದಿದ್ದರೆ ಸಾಕು.

ಕಣ್ಣಿನ ಪರೀಕ್ಷೆಯನ್ನು, ವಿಶೇಷವಾಗಿ ಬಣ್ಣಗಳನ್ನು ಗುರುತಿಸುವ ಶಕ್ತಿಯನ್ನು, ಬಹಳ ಬಿಗಿಯಾಗಿ ನಡೆಸುತ್ತಾರೆ. ಅದೇಕೆಂದು ನಮಗೆ ತಿಳಿದಾಗ ಈ ಉದ್ಯೋಗದ ಸ್ವರೂಪವೇ ಅರ್ಥವಾಯಿತು. ರಾತ್ರಿಯಲ್ಲಿ ಪ್ರತಿಯೊಂದು ಹಡಗೂ ತನ್ನ ಎಡಪಕ್ಕದಲ್ಲಿ ಕೆಂಪು ದೀಪವನ್ನೂ ಬಲಪಕ್ಕದಲ್ಲಿ ಹಸುರು ದೀಪವನ್ನೂ ಹೊತ್ತಿಸಿರುತ್ತದೆ. ಕತ್ತಲಲ್ಲಿ ನಮ್ಮ ಬಲಗಡೆಗೆ ಕೆಂಪು ದೀಪವೊಂದು ಕಂಡಿತೆನ್ನಿ. ಬೇರೊಂದು ಹಡಗು ಬಲದಿಂದ ಎಡಕ್ಕೆ ನಮ್ಮ ದಾರಿಯನ್ನು ಅಡ್ಡ ಹಾಯುತ್ತಿದೆಯೆಂದು ಅರ್ಥ. ದಾರಿ ಬಿಡಬೇಕಾದವರು ನಾವು. ಇದನ್ನು ನಿರ್ಣಯಿಸುವವನು ಹಡಗಿನ ಮೇಲಟ್ಟದಲ್ಲಿ ಕಾವಲಿಗೆ ನಿಂತ ಅಧಿಕಾರಿ. ಇಪ್ಪತ್ತೈದರ ಆಸುಪಾಸಿನ ತರುಣನಿರುತ್ತಾನೆ. ಕೆಳಗೆ ನೂರಾರು ಜನ ಅವನ ಕಣ್ಣನ್ನು ನಂಬಿ ಮಲಗಿರುತ್ತಾರೆ. ಕಾವಲು ಸಾಮಾನ್ಯವಾಗಿ ನಾಲ್ಕು ಗಂಟೆಗಳದು. ನಮ್ಮವರ ಯಾಮವು ಮೂರು ಗಂಟೆಯದಾದರೆ ಇವರದು ಒಂದು ಗಂಟೆ ಹೆಚ್ಚು. ದಿನಕ್ಕೆ ಆರು ಕಾವಲುಗಳಾದರೆ ಅದೇ ಮನುಷ್ಯನಿಗೆ ಅದೇ ನಡುರಾತ್ರಿಯ ಸರದಿ ದಿನವೂ ಬೀಳುವುದೆಂದು, ಸಂಜೆಯ ನಾಲ್ಕರಿಂದ ಎಂಟರವರೆಗಿನ ಕಾವಲನ್ನು ಎರಡಾಗಿ ಸೀಳಿ ಏಳು ಮಾಡಿದ್ದಾರೆ. ಈ ಯುಕ್ತಿ ಹಳೆಯದು. ಹೊಸ ಹಡಗುಗಳಿಗೂ ನಡೆದುಬಂದಿದೆ.

ತರಬೇತಿಯು ಎನ್.ಡಿ.ಎ. ಮೂಲಕ ಹೋದವರಿಗೆ ಪುಣೆಯ ಬಳಿಯ ಖಡಕವಾಸ್ಲಾದಲ್ಲಿ ಮೂರು ವರುಷ, ಆಮೇಲೆ ಕೇರಳದ ಏಳಿಮಲದ ನೌಕಾ ಅಕಾಡೆಮಿಯಲ್ಲಿ ಒಂದು ವರುಷ. ಕಣ್ಣೂರಿನ ಉತ್ತರಕ್ಕೆ ಕಡಲೊಳಗೆ ಚಾಚಿಕೊಂಡಿರುವ ಈ ಬೆಟ್ಟದಲ್ಲಿ ೨೦೦೯ರ ಜನವರಿಯಲ್ಲಿ ಅಕಾಡೆಮಿಯು ಉದ್ಘಾಟನೆಗೊಂಡಿತು. ಸಂಸ್ಕೃತ ಬಲ್ಲವರಿಗೆ ಈ ಸೀಮೆ ಅಪರಿಚಿತವಲ್ಲ. ಅತುಲಕವಿಯ ಮೂಷಿಕವಂಶ ಕಾವ್ಯವು ಇಲ್ಲಿ ಆಳಿದ ಅರಸರನ್ನು ಕುರಿತದ್ದೇ. ಅಕಾಡೆಮಿಯ ಧ್ಯೇಯವಾಕ್ಯವನ್ನು ಈಶಾವಾಸ್ಯದಿಂದಲೂ, ನೌಕಾದಳದ ಧ್ಯೇಯವಾಕ್ಯವನ್ನು ವರುಣನು ಮಂಗಳವನ್ನುಂಟುಮಾಡಲೆಂದು ಬೇಡುವ ತೈತ್ತಿರೀಯದಿಂದಲೂ ಆರಿಸಿದ್ದಾರೆ. ಅನಂತರ ಕೊಚ್ಚಿಯ ತರಬೇತಿನ ಹಡಗುಗಳಲ್ಲಿ ಕಡಲ ಅಭ್ಯಾಸ. ಅವುಗಳಲ್ಲಿ ತರಂಗಿಣಿ, ಸುದರ್ಶಿನಿ ಎಂಬ ಎರಡು ಹಾಯಿಹಡಗುಗಳೂ ಇವೆ. ಇಂಜಿನು ಮತ್ತು ಯಂತ್ರಗಳ ಈ ಕಾಲದಲ್ಲಿಯೂ ಹುಡುಗರು ಹಗ್ಗವೆಳೆದು ಗಾಳಿಯನ್ನು ಅರಿಯಬೇಕೆಂಬುದು ನಮಗೆ ಬಹಳ ಹಿಡಿಸಿತು. ಈಜು ಬಾರದವರಿಗೆ ಅಲ್ಲಿಯೇ ಕಲಿಸುತ್ತಾರೆ.

ಸಂಬಳವನ್ನು ಕೇಳದೆ ಯಾವ ಗೃಹಸ್ಥನೂ ಬಿಡಲಾರನು. ಏಳನೆಯ ವೇತನ ಆಯೋಗದ ಪ್ರಕಾರ ಸಬ್ ಲೆಫ್ಟಿನೆಂಟನ ಮೂಲವೇತನವು ತಿಂಗಳಿಗೆ ೫೬,೧೦೦ ರೂಪಾಯಿಯಿಂದ ಆರಂಭವಾಗುವುದು; ಸೈನ್ಯಸೇವೆಗೆಂದು ೧೫,೫೦೦ ಹಾಗೂ ಇತರ ಭತ್ಯಗಳು ಬೇರೆ. ಖಾಯಂ ಅಧಿಕಾರಿಗೆ ಇಪ್ಪತ್ತು ವರುಷಗಳ ಸೇವೆಗೆ ನಿವೃತ್ತಿವೇತನವುಂಟು. ಅಲ್ಪಾವಧಿ ಸೇವೆಯು ಹತ್ತು ವರುಷ, ಹೆಚ್ಚೆಂದರೆ ಹದಿನಾಲ್ಕು, ಅವರಿಗೆ ನಿವೃತ್ತಿವೇತನವಿಲ್ಲ. ಸೇರುವ ಮೊದಲೇ ಇದನ್ನು ತಿಳಿದಿರಬೇಕು. ಇನ್ನೊಂದು ಮಾತು: ನೌಕಾದಳದ ಕ್ಯಾಪ್ಟನನು ಭೂಸೇನೆಯ ಕರ್ನಲನಿಗೆ ಸಮ. ಕ್ಯಾಪ್ಟನೆಂದರೆ ಚಿಕ್ಕ ಹುದ್ದೆಯೆಂದು ಮದುವೆಯ ಮಾತುಕತೆಗಳಲ್ಲಿ ಕೆಲವರು ಎಣಿಸುವುದುಂಟಂತೆ!

ಹೆಣ್ಣುಮಕ್ಕಳ ವಿಷಯ. ನಮ್ಮ ನೌಕಾದಳವು ೧೯೯೨ರಲ್ಲಿ ಮಹಿಳೆಯರನ್ನು ಅಲ್ಪಾವಧಿ ಅಧಿಕಾರಿಗಳಾಗಿ ಸೇರಿಸಿಕೊಳ್ಳತೊಡಗಿತು. ಅವರಿಗೆ ಖಾಯಂ ಸೇವೆಯ ಹಕ್ಕನ್ನು ಸುಪ್ರೀಂ ಕೋರ್ಟು ೨೦೨೦ರ ಮಾರ್ಚಿಯಲ್ಲಿ ಎತ್ತಿಹಿಡಿಯಿತು. ೨೦೨೧ರಲ್ಲಿ ಎನ್.ಡಿ.ಎ. ಪರೀಕ್ಷೆಯು ಅದೇ ನ್ಯಾಯಾಲಯದ ಆಜ್ಞೆಯಿಂದ ಹುಡುಗಿಯರಿಗೂ ತೆರೆಯಿತು. ಮೊದಲ ತಂಡದ ಹದಿನೇಳು ಮಂದಿ ೨೦೨೫ರ ಮೇ ತಿಂಗಳಲ್ಲಿ ಖಡಕವಾಸ್ಲಾದಿಂದ ತೇರ್ಗಡೆಯಾಗಿ ಹೊರಬಂದರು. ಅದೇ ತಿಂಗಳಲ್ಲಿ ಇಬ್ಬರು ಮಹಿಳಾ ಅಧಿಕಾರಿಗಳು ತಾರಿಣಿ ಎಂಬ ಚಿಕ್ಕ ಹಾಯಿದೋಣಿಯಲ್ಲಿ ಪ್ರಪಂಚವನ್ನು ಸುತ್ತಿ ಗೋವೆಗೆ ಹಿಂದಿರುಗಿದರು.

ಇಷ್ಟನ್ನು ತಿಳಿದುಕೊಂಡು ನಾವು ಅವರ ಮನೆಗೆ ಹೋದೆವು. ಹುಡುಗಿಯ ತಾಯಿಯು ಎಲ್ಲವನ್ನೂ ಕೇಳಿ, “ಮಾಸ್ತರೆ, ಹಡಗು ಮುಳುಗಿದರೆ?” ಎಂದು ಒಂದೇ ಮಾತು ಕೇಳಿದರು. ಮುಳುಗುವುದಿಲ್ಲವೆಂದು ಹೇಳಿ ಸಮಾಧಾನಪಡಿಸಬಹುದಾಗಿತ್ತು. ಆದರೆ ಒಂದು ಸಲ ಅರಿಯದೆ ಮಾತನಾಡಿದವರು ಈಗ ಅರಿತು ಸುಳ್ಳಾಡುವುದೆಂತು? ೧೯೭೧ರ ಡಿಸೆಂಬರ್ ೯ರ ರಾತ್ರಿ ದೀವ್ ಸಮೀಪದಲ್ಲಿ ಶತ್ರುವಿನ ಜಲಾಂತರ್ಗಾಮಿಯ ಏಟಿಗೆ ಖುಕ್ರಿ ಎಂಬ ನಮ್ಮ ಹಡಗು ಮುಳುಗಿದುದನ್ನು ಹೇಳಿದೆವು. ಹದಿನೆಂಟು ಮಂದಿ ಅಧಿಕಾರಿಗಳೂ ನೂರ ಎಪ್ಪತ್ತಾರು ಮಂದಿ ನಾವಿಕರೂ ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ಇತರರನ್ನು ಪಾರುಮಾಡುವುದರಲ್ಲಿ ತೊಡಗಿ, ತಾವು ಹಡಗನ್ನು ಬಿಡದೆ ಅದರೊಡನೆಯೇ ಹೋದರು. ದಿನನಿತ್ಯದ ಕಷ್ಟವು ಇದಲ್ಲವೆಂಬುದನ್ನೂ ಹೇಳಿದೆವು: ತಿಂಗಳುಗಟ್ಟಲೆ ಅಗಲಿಕೆ, ಎರಡು ಮೂರು ವರುಷಕ್ಕೊಮ್ಮೆ ಊರು ಬದಲಾವಣೆ, ಹಬ್ಬಕ್ಕೆ ಬರುವೆನೆಂದವಳು ಬಾರದಿರುವುದು. ಆ ತಾಯಿಯು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಎದ್ದು ಒಳಗೆ ಹೋಗಿ ನಮಗೆ ಮಜ್ಜಿಗೆ ತಂದುಕೊಟ್ಟರು. ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ.

ಮರುವಾರ ಎಲ್ಲರೂ ಕಾರವಾರಕ್ಕೆ ಹೋದೆವು. ಅಲ್ಲಿ ೨೦೦೫ರಲ್ಲಿ ಸ್ಥಾಪನೆಯಾದ ನೌಕಾನೆಲೆಗೆ ಕದಂಬ ಎಂದು ಹೆಸರು. ನೆಲದ ಮೇಲಿನ ನೆಲೆಗಳನ್ನೂ ಹಡಗಿನಂತೆ ಹೆಸರಿಟ್ಟು ಕರೆಯುವುದು ಇವರ ಸಂಪ್ರದಾಯ. ಕಾರವಾರ ಅಂಕೋಲೆಗಳ ನಡುವಣ ಎಷ್ಟೋ ಕುಟುಂಬಗಳು ಇದಕ್ಕಾಗಿ ಮನೆ ಗದ್ದೆಗಳನ್ನು ಬಿಟ್ಟುಕೊಟ್ಟವು. ನೆಲೆಯ ಹಿರಿಮೆಯನ್ನು ಹೇಳುವಾಗ ಅವರನ್ನು ಮರೆಯಕೂಡದು. ನೆಲೆಯೊಳಕ್ಕೆ ನಮ್ಮಂಥವರಿಗೆ ಪ್ರವೇಶವಿಲ್ಲವಾದ್ದರಿಂದ ಕಡಲತೀರದಲ್ಲಿ ಪ್ರದರ್ಶನಕ್ಕಿಟ್ಟಿರುವ ಚಪಲ ಎಂಬ ನಿವೃತ್ತ ಯುದ್ಧನೌಕೆಯನ್ನು ನೋಡಿದೆವು. ಹುಡುಗಿಯು ಮೇಲಕ್ಕೂ ಕೆಳಕ್ಕೂ ಓಡಾಡಿದಳು. ತಂದೆಯು ಚುಕ್ಕಾಣಿಯ ಬಳಿ ಸ್ವಲ್ಪ ಹೆಚ್ಚು ಹೊತ್ತೇ ನಿಂತಿದ್ದರು. ನಾವು ಬೇರೆ ಕಡೆಗೆ ನೋಡಿದೆವು. ತಾಯಿಯು ಮಾತ್ರ ನಾವಿಕರು ಮಲಗುವ ಇಕ್ಕಟ್ಟಾದ ಸ್ಥಳವನ್ನು ನೋಡಿ, “ಕೂಸೆ, ನಿನಗೆ ಈಜು ಬರುವುದಿಲ್ಲವಲ್ಲೇ” ಎಂದರು.

ಅರ್ಜಿಯು ಗಡುವಿಗೆ ಎರಡು ದಿವಸ ಮೊದಲು ಹೋಯಿತು. ಈಗ ಆ ಹುಡುಗಿಯು ಬೆಳಗ್ಗೆ ಗಣಿತವನ್ನು ಮಾಡಿ, ಸಂಜೆ ತೋಟದ ಕೆಳಗಿನ ಹೊಳೆಯಲ್ಲಿ ತಂದೆಯಿಂದ ಈಜು ಕಲಿಯುತ್ತಿದ್ದಾಳೆ. ತಾಯಿಯು ಒಣಬಟ್ಟೆಯನ್ನು ಹಿಡಿದುಕೊಂಡು ದಂಡೆಯ ಮೇಲೆ ನಿಂತಿರುತ್ತಾರಂತೆ.