ಸೂಟ್‌ಕೇಸಿನಲ್ಲಿ ಬರುವ ಗಿಡ

ಬ್ಯಾಂಕಾಕಿಗೆ ಪ್ರವಾಸ ಹೋದ ಗಿಡದ ಹುಚ್ಚಿನವರು ಚಟುಚಕ್ ಸಂತೆ ನೋಡದೆ ವಾಪಸ್ ಬರೋದಿಲ್ಲ. ಕೆಂಪು ಎಲೆಯ ಅಗ್ಲೋನಿಮಾ, ಬುಡ ಊದಿಕೊಂಡ ಅಡೇನಿಯಂ, ಬಗೆಬಗೆಯ ಆರ್ಕಿಡ್. ಎರಡು ಗಿಡ ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕ್ಕೊಂಡರೆ ಯಾರಿಗೇನು ನಷ್ಟ, ಅಂತ ಕೇಳ್ತಾರೆ.

ನೋಡಿ, ಕಾನೂನು ಸರಳವಾಗಿದೆ. 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ನೆಡುವ ಗಿಡ, ಗೆಡ್ಡೆ, ಕಡ್ಡಿ ಏನೇ ತರಬೇಕಾದರೂ ಮೊದಲೇ ಆಮದು ಪರವಾನಗಿ ಬೇಕು. ಜೊತೆಗೆ, ಗಿಡಕ್ಕೆ ರೋಗವಿಲ್ಲ ಅಂತ ಆ ದೇಶದ ಸರ್ಕಾರ ಕೊಟ್ಟ ಪ್ರಮಾಣಪತ್ರ. ಇಲ್ಲಿ ಇಳಿದ ಮೇಲೆ ತಪಾಸಣೆ. ಬೇರಿಗೆ ಮಣ್ಣು ಅಂಟಿರಬಾರದು. ಕೆಲವು ಗಿಡಗಳನ್ನು ತಂದ ಮೇಲೂ ಪ್ರತ್ಯೇಕ ಇಟ್ಟು ಬೆಳೆಸಿ ನೋಡಬೇಕು. ಸಂಗರೋಧ ಅಂದ್ರೆ ಕ್ವಾರಂಟೈನ್. ಕೊರೋನಾ ಕಾಲದಲ್ಲಿ ನಾವೇ ಅನುಭವಿಸಿದ್ದೀವಲ್ಲ, ಅದೇ. ಆರ್ಕಿಡ್ ಆದರೆ ಇನ್ನೊಂದು ಕಾಗದ: ಅವು ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದಡಿ ಬರುತ್ತವೆ.

ಇಷ್ಟೆಲ್ಲ ಯಾಕೆ? ಲಂಟಾನ ನೆನಪಿಸಿಕೊಳ್ಳಿ. ಬ್ರಿಟಿಷರು ಚಂದದ ಹೂವು ಅಂತ ತಂದು ನೆಟ್ಟ ಪೊದೆ ಅದು. ಇವತ್ತು ಬಂಡೀಪುರದ ಕಾಡಿನೊಳಗೆ ಹುಲ್ಲು ಬೆಳೆಯೋಕೆ ಜಾಗ ಬಿಟ್ಟಿಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ ಮಾಡ್ತಾರೆ ಅನ್ನೋದು ಬಿಟ್ಟರೆ ಲಾಭ ಅಷ್ಟಕ್ಕಷ್ಟೆ. ಕೆರೆ ಮುಚ್ಚಿರುವ ಅಂತರಗಂಗೆಯೂ ನೀಲಿ ಹೂವಿನ ಆಸೆಗೇ ದೇಶ ದೇಶ ಸುತ್ತಿದ್ದು.

ಗಿಡವಾದರೂ ಕಣ್ಣಿಗೆ ಕಾಣುತ್ತೆ. ಎಲೆಯಡಿ ಕೂತು ಬರೋ ಹುಳ ಕಾಣೋದಿಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಪರಂಗಿಯ ಹಿಟ್ಟು ತಿಗಣೆ ಪತ್ತೆಯಾಯ್ತು. ಅದರ ಮೂಲ ಮೆಕ್ಸಿಕೋ ಕಡೆ. ಪರಂಗಿ ಮಾತ್ರ ಅಲ್ಲ, ಹಿಪ್ಪುನೇರಳೆಗೂ ಬಿತ್ತು, ದಾಸವಾಳಕ್ಕೂ ಬಿತ್ತು. ಸೊಪ್ಪು ಹಾಳಾದರೆ ರೇಷ್ಮೆ ಹುಳಕ್ಕೆ ಏನು ಹಾಕೋದು? ಔಷಧಿ ಹೊಡೆದರೆ ಹುಳವೇ ಸಾಯುತ್ತೆ. ಕೊನೆಗೆ 2010ರಲ್ಲಿ ಬೆಂಗಳೂರಿನ ಕೀಟ ಸಂಶೋಧನಾ ಬ್ಯೂರೋದ ವಿಜ್ಞಾನಿಗಳು ಪೋರ್ಟೊ ರಿಕೊದಿಂದ ಸಾಸಿವೆ ಕಾಳಿಗಿಂತ ಚಿಕ್ಕ ಕಣಜ ತರಿಸಿ, ಸಂಗರೋಧದಲ್ಲಿ ಪರೀಕ್ಷಿಸಿ, ಬಿಟ್ಟರು. ಅದು ತಿಗಣೆಯೊಳಗೆ ಮೊಟ್ಟೆ ಇಟ್ಟು ತಿಗಣೆಯನ್ನೇ ಮುಗಿಸಿತು. ಅಂದರೆ ಪರವಾನಗಿ ಇಲ್ಲದೆ ಬಂದದ್ದನ್ನು ಪರವಾನಗಿ ಪಡೆದು ಬಂದದ್ದು ತಡೆಯಿತು! ಎಲ್ಲ ಕೀಟಕ್ಕೂ ಇಂಥ ಅದೃಷ್ಟ ಇರೋದಿಲ್ಲ. ಮೆಣಸಿನಕಾಯಿ ಬೆಳೆಗಾರರನ್ನು ಕೇಳಿ. 2021ರಿಂದ ಹೂವಿಗೇ ಬೀಳುವ ವಿದೇಶಿ ಥ್ರಿಪ್ಸ್ ನುಸಿ ಅವರಿಗೆ ಏನು ಮಾಡಿತು ಅಂತ.

ಹಾಗಾಗಿ ಕಾನೂನಿನ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರೋದು ಹವ್ಯಾಸಿಯ ಪಾಡಿನ ಬಗ್ಗೆ. ಕಂಟೇನರ್ ತರಿಸುವ ವ್ಯಾಪಾರಿಗೆ ಏಜೆಂಟ್ ಇದ್ದಾನೆ. ಒಂದು ಪೊಟ್ಟಣ ಬೀಜ ಬೇಕಾದ ಮೇಷ್ಟ್ರು ಏನು ಮಾಡಬೇಕು? ಅಮೆರಿಕದಲ್ಲಿ ಸಣ್ಣ ಪ್ರಮಾಣದ ಬೀಜಕ್ಕೆ, ಪೊಟ್ಟಣಕ್ಕೆ ಹೆಚ್ಚೆಂದರೆ 50 ಬೀಜದಂತೆ, ಪ್ರಮಾಣಪತ್ರವಿಲ್ಲದೆ ಬರೀ ಪರವಾನಗಿ ಮೇಲೆ ತರಿಸೋ ವ್ಯವಸ್ಥೆ ಇದೆ. ಅಂಥದ್ದು ನಮ್ಮವರಿಗೂ ಸುಲಭವಾಗಿ ಸಿಗಬೇಕು. ದಾರಿ ಕಷ್ಟವಾದಷ್ಟೂ ಜನ ಕಳ್ಳದಾರಿ ಹುಡುಕ್ತಾರೆ, ಅದೇ ನಿಜವಾದ ಅಪಾಯ.

ಅಲ್ಲಿಯವರೆಗೆ ಒಳ್ಳೆ ನರ್ಸರಿಯಲ್ಲಿ ಇಲ್ಲೇ ಬೆಳೆಸಿದ ಗಿಡ ಕೇಳಿ ತಗೊಳ್ಳಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಪ್ರಜ್ವಲ್ ಸುಗಂಧರಾಜ ನೆಟ್ಟು ನೋಡಿ. ಹೊಸ ಗಿಡ ಯಾವುದೇ ಇರಲಿ, ಎರಡು ವಾರ ಉಳಿದವುಗಳಿಂದ ದೂರ ಇಡಿ, ಎಲೆ ತಿರುಗಿಸಿ ನೋಡಿ. ಬಿಳಿ ಹತ್ತಿಯಂಥದ್ದು ಕಂಡರೆ ಪಕ್ಕದ ಮನೆಯವರಿಗೆ ಕಡ್ಡಿ ಕೊಡಬೇಡಿ.