ಹುಸಿ ಟ್ಯಾಂಕುಗಳು ಕಲಿಸುವ ಪಾಠ

ಹೊಲದ ನಡುವೆ ಬೆದರುಬೊಂಬೆಯನ್ನು ನಿಲ್ಲಿಸಿ ಹಕ್ಕಿಗಳನ್ನು ಅಟ್ಟುವುದು ನಮ್ಮ ರೈತನಿಗೆ ಹೊಸತಲ್ಲ. ಪ್ರಬಲ ರಾಷ್ಟ್ರಗಳ ಸೇನಾಪತಿಗಳೂ ಇದೇ ಉಪಾಯವನ್ನು ಆಶ್ರಯಿಸಿದರೆಂಬುದು ಎರಡನೆಯ ಮಹಾಯುದ್ಧದ ಚರಿತ್ರೆಯನ್ನು ಬಲ್ಲವರಿಗೆ ವಿದಿತವೇ ಇದೆ.

1942ರಲ್ಲಿ ಈಜಿಪ್ಟಿನ ಎಲ್ ಅಲಮೇನ್ ಮರುಭೂಮಿಯಲ್ಲಿ ಬ್ರಿಟಿಷರ ಎಂಟನೆಯ ಸೈನ್ಯವು ಜರ್ಮನರಿಗೂ ಇಟಾಲಿಯನ್ನರಿಗೂ ಎದುರಾಗಿ ನಿಂತಿತ್ತು. ಮುಖ್ಯ ಪ್ರಹಾರವು ಉತ್ತರದಲ್ಲಿ ನಡೆಯತಕ್ಕದ್ದು. ಶತ್ರುವಾದರೋ ಅದನ್ನು ದಕ್ಷಿಣದಲ್ಲಿ ನಿರೀಕ್ಷಿಸಬೇಕು. ಅಡಗಲು ಗಿಡಮರಗಳಿಲ್ಲದ ಬಯಲು ಅದು. ಆದುದರಿಂದ ಲಾರಿಯ ಆಕಾರದ ಕ್ಯಾನ್‌ವಾಸ್ ಮುಸುಕುಗಳನ್ನು ಉತ್ತರದಲ್ಲಿ ಮೊದಲೇ ನಿಲ್ಲಿಸಿ, ಶತ್ರುವಿನ ವೈಮಾನಿಕರ ಕಣ್ಣಿಗೆ ಅವುಗಳನ್ನು ರೂಢಿಮಾಡಿಸಿ, ಬಳಿಕ ರಾತ್ರಿಯಲ್ಲಿ ನಿಜವಾದ ಟ್ಯಾಂಕುಗಳನ್ನು ತಂದು ಅವುಗಳೊಳಗೆ ಅಡಗಿಸಿದರು. ಟ್ಯಾಂಕುಗಳು ಬಿಟ್ಟುಬಂದ ಎಡೆಯಲ್ಲಿ ಹುಸಿ ಟ್ಯಾಂಕುಗಳು ನಿಂತವು. ದಕ್ಷಿಣದತ್ತ ನೀರಿನ ಕೊಳವೆಯನ್ನು ಹಾಕುವಂತೆ ನಟಿಸಿ, ಖಾಲಿ ಪೆಟ್ರೋಲ್ ಡಬ್ಬಗಳನ್ನು ಕಂದಕದ ಪಕ್ಕದಲ್ಲಿ ಸಾಲಾಗಿ ಜೋಡಿಸಿ, ರಾತ್ರಿ ಕಂದಕವನ್ನು ಮುಚ್ಚಿ, ಅವೇ ಡಬ್ಬಗಳನ್ನು ಮುಂದಕ್ಕೆ ಸಾಗಿಸಿದರು. ಆ ವೇಗವನ್ನು ಲೆಕ್ಕಹಾಕಿದವನಿಗೆ ಕೆಲಸವು ನವೆಂಬರಿಗೆ ಮೊದಲು ಮುಗಿಯದೆಂದು ತೋರಬೇಕು. ಯುದ್ಧವಾದರೋ ಅಕ್ಟೋಬರ್ 23ರ ರಾತ್ರಿಯೇ ಆರಂಭವಾಯಿತು!

ಹುಸಿಯೊಂದೇ ಜಯವನ್ನು ತಂದಿತೆಂದು ಯಾರೂ ಭಾವಿಸಬಾರದು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಎಂಟನೆಯ ಸೈನ್ಯಕ್ಕೆ ಆದ ನಷ್ಟ ಸುಮಾರು 13,500 ಮಂದಿ. ಆ ರಣರಂಗದಲ್ಲಿ ನಮ್ಮ ನಾಲ್ಕನೆಯ ಇಂಡಿಯನ್ ಡಿವಿಷನ್ನಿನ ಸಿಪಾಯಿಗಳೂ ಇದ್ದರು. ದೇಶಕ್ಕೆ ಸ್ವಾತಂತ್ರ್ಯವಿರಲಿಲ್ಲ, ರಕ್ತವು ಮಾತ್ರ ನಮ್ಮದಾಗಿತ್ತು. ಕ್ಯಾನ್‌ವಾಸಿನ ಟ್ಯಾಂಕು ಒಬ್ಬ ಸಿಪಾಯಿಯ ಪ್ರಾಣವನ್ನುಳಿಸಿದ್ದರೂ ಅದನ್ನು ಅಧರ್ಮವೆನ್ನಲು ನಮ್ಮ ನಾಲಗೆ ಏಳದು. ಮೈಸೂರಿನ ಪಂಡಿತ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ನೀಡಿದ ಕೌಟಿಲ್ಯನ ಅರ್ಥಶಾಸ್ತ್ರವೂ ಕೂಟಯುದ್ಧವನ್ನು ನಿರೂಪಿಸಿರುವುದಷ್ಟೆ.

ಆದರೆ ಮೋಸಹೋಗುವವನು ಏಕೆ ಮೋಸಹೋಗುತ್ತಾನೆ? 1944ರಲ್ಲಿ ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿ ಪ್ಯಾಟನ್ನನ ಹೆಸರಿನಲ್ಲಿ ಇಲ್ಲದ ಸೈನ್ಯವೊಂದನ್ನು ತೋರಿಸಲಾಯಿತು. ದಾಳಿಯು ಕ್ಯಾಲೆಯ ಕಡೆಗೇ ಬರುವುದೆಂದು ಜರ್ಮನರು ಮೊದಲೇ ನಂಬಿದ್ದರು. ಹುಸಿಯು ಆ ನಂಬಿಕೆಗೆ ನೀರೆರೆಯಿತು. ಜೂನ್ 6ರಂದು ಮಿತ್ರಸೇನೆಯು ನಾರ್ಮಂಡಿಯಲ್ಲಿ ಇಳಿದ ಮೇಲೂ ಅವರ ಹದಿನೈದನೆಯ ಸೈನ್ಯದ ಬಹುಭಾಗವು ವಾರಗಟ್ಟಲೆ ಕ್ಯಾಲೆಯ ಕಡೆಯಲ್ಲೇ ಕಾದು ನಿಂತಿತು. ಕಣ್ಣಿಗಿಂತ ಮೊದಲು ಮನಸ್ಸು ಮೋಸಹೋಗಿತ್ತು.

ಇಂದು ಈ ವಿದ್ಯೆಯು ಹುಡುಗರ ಆಟವಾಗಿಯೂ ಬಂದಿದೆ. 2010ರಲ್ಲಿ ಹೊರಬಂದ ‘ರೂಸ್’ ಎಂಬ ವಿಡಿಯೋ ಆಟದಲ್ಲಿ ಹುಸಿ ಸೈನ್ಯವನ್ನು ಹೂಡಿ, ಎದುರಾಳಿಯನ್ನು ತಪ್ಪುದಾರಿಗೆಳೆಯಬಹುದು. ಇಂಥವೆಲ್ಲ ಕಾಲಹರಣವೆಂದು ಹಿರಿಯರು ಗದರಿಸುವುದುಂಟು. ಕಂಡುದನ್ನು ಕಂಡಂತೆ ನಂಬಬಾರದೆಂಬ ಬುದ್ಧಿಯನ್ನು ಹುಡುಗನು ಅದರಿಂದ ಕಲಿತರೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಆಟದಲ್ಲಿ ಸೋತವನು ಮತ್ತೆ ಮೊದಲಿನಿಂದ ಆಡಬಲ್ಲನು. ರಣದಲ್ಲಿ ಬಿದ್ದವನು ಏಳಲಾರನೆಂಬುದನ್ನು ತಾಯಿತಂದೆಗಳು ಹೇಳಿಕೊಡತಕ್ಕದ್ದು.

ಶತ್ರುವಿಗೆ ಒಡ್ಡಿದ ಹುಸಿಯು ಯುದ್ಧನೀತಿ. ಸ್ವಪ್ರಜೆಗಳಿಗೆ ಒಡ್ಡಿದ ಹುಸಿಯು ದ್ರೋಹ. ನಾವು ನಂಬಲು ಇಚ್ಛಿಸುವ ವರ್ತಮಾನವನ್ನೇ ಎರಡು ಸಲ ಪರೀಕ್ಷಿಸುವುದು ಪತ್ರಿಕೆಯವರಿಗೂ ವಾಚಕರಿಗೂ ಸಮಾನವಾದ ಕರ್ತವ್ಯ.