ಗರ್ಭಾಶಯದಲ್ಲಿ ಈಸ್ಟ್ರೊಜನ್: ಆದೇಶ ಯಾರಿಗೆ, ಬೆಳವಣಿಗೆ ಯಾರದು?

ಮುಟ್ಟಿನ ಸ್ರಾವ ಮುಗಿದ ದಿನ ಗರ್ಭಾಶಯದ ಒಳಪದರ ಕೆಲವೇ ಮಿಲಿಮೀಟರ್ ದಪ್ಪವಿರುತ್ತದೆ. ಮುಂದಿನ ಎರಡು ವಾರಗಳೊಳಗೆ ಅದು ಹಲವು ಪಟ್ಟು ದಪ್ಪವಾಗುತ್ತದೆ. ಬೆಳೆದು ನಿಂತ ದೇಹದಲ್ಲಿ ತಿಂಗಳು ತಿಂಗಳೂ ಹೀಗೆ ಹೊಸದಾಗಿ ಬೆಳೆಯುವ ಅಂಗಾಂಶ ಬಹಳ ಅಪರೂಪ. ಈ ಬೆಳವಣಿಗೆಗೆ ಕಾರಣ ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೊಜನ್ ಹಾರ್ಮೋನು, ಅದರಲ್ಲೂ ಮುಖ್ಯವಾಗಿ ಈಸ್ಟ್ರಡೈಯಾಲ್.

ರಕ್ತದೊಂದಿಗೆ ಈ ಹಾರ್ಮೋನು ಮೈಯೆಲ್ಲ ಸುತ್ತುತ್ತದೆ. ಹಾಗಿದ್ದರೂ ಗರ್ಭಾಶಯ ಮಾತ್ರ ಅದಕ್ಕೆ ಇಷ್ಟು ಬಲವಾಗಿ ಸ್ಪಂದಿಸುವುದೇಕೆ? 1950ರ ದಶಕದ ಕೊನೆಯಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸನ್ ವಿಕಿರಣಶೀಲ ಟ್ರಿಟಿಯಂ ಸೇರಿಸಿದ ಈಸ್ಟ್ರಡೈಯಾಲನ್ನು ಎಳೆಯ ಹೆಣ್ಣು ಇಲಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿ ನೋಡಿದರು. ರಕ್ತ ಮತ್ತು ಸ್ನಾಯುಗಳಿಂದ ಅದು ಬೇಗನೆ ಮರೆಯಾಯಿತು. ಗರ್ಭಾಶಯದಲ್ಲಿ ಗಂಟೆಗಟ್ಟಲೆ ಉಳಿಯಿತು, ಅದೂ ಯಾವುದೇ ರಾಸಾಯನಿಕ ಬದಲಾವಣೆ ಇಲ್ಲದೆ. ಹಾರ್ಮೋನು ಕಿಣ್ವಗಳ ಕ್ರಿಯೆಯಲ್ಲಿ ತಾನೇ ಮಾರ್ಪಟ್ಟು ಕೆಲಸ ಮಾಡುತ್ತದೆ ಎಂದು ನಂಬಿದ್ದ ಕಾಲ ಅದು. ಅದನ್ನು ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನು ಕೋಶದಲ್ಲಿರಬೇಕು ಎಂಬ ತೀರ್ಮಾನಕ್ಕೆ ಈ ಪ್ರಯೋಗ ದಾರಿಮಾಡಿತು. ಅದೇ ಈಸ್ಟ್ರೊಜನ್ ಗ್ರಾಹಕ.

ಹಾರ್ಮೋನು ಅಂಟಿಕೊಂಡಾಗ ಗ್ರಾಹಕದ ಆಕಾರ ಬದಲಾಗುತ್ತದೆ. ಎರಡು ಗ್ರಾಹಕಗಳು ಜೊತೆಗೂಡಿ ಕೋಶಕೇಂದ್ರದ ಡಿಎನ್‌ಎ ಮೇಲೆ 13 ಪ್ರತ್ಯಾಮ್ಲ ಜೋಡಿಗಳ ಒಂದು ವಿಶಿಷ್ಟ ಬರಹವನ್ನು ಗುರುತಿಸಿ ಅಲ್ಲಿ ಕೂರುತ್ತವೆ. ನಡುವಿನ ಮೂರು ಅಕ್ಷರಗಳನ್ನು ಬಿಟ್ಟರೆ ಈ ಬರಹ ನಮ್ಮ 'ವಿಕಟಕವಿ'ಯ ಹಾಗೆ: ಒಂದು ಎಳೆಯನ್ನು ಈ ಕಡೆಯಿಂದಲೂ ಜೋಡಿ ಎಳೆಯನ್ನು ಆ ಕಡೆಯಿಂದಲೂ ಓದಿದರೆ ಒಂದೇ! ಬಳಿಕ ಸಹಾಯಕ ಪ್ರೋಟೀನುಗಳು ಬಂದು ಸೇರಿ, ಹತ್ತಿರದ ಜೀನ್‌ನಿಂದ ಆರ್‌ಎನ್‌ಎ ಪ್ರತಿ ತಯಾರಾಗುವಂತೆ ಮಾಡುತ್ತವೆ. ಇಲಿಯಲ್ಲಿ ಮೊದಲ ಕೆಲವು ಗಂಟೆಗಳಲ್ಲಿ ಗರ್ಭಾಶಯ ನೀರು ತುಂಬಿ ಉಬ್ಬುತ್ತದೆ. ಕೋಶ ವಿಭಜನೆ ಜೋರಾಗುವುದು ಸುಮಾರು ಒಂದು ದಿನದ ವೇಳೆಗೆ.

ಇಷ್ಟನ್ನು ಪಠ್ಯಪುಸ್ತಕಗಳೂ ಹೇಳುತ್ತವೆ. ಸ್ವಾರಸ್ಯ ಇರುವುದು ಮುಂದೆ. ಒಳಪದರದ ಮೇಲ್ಮೈಯಲ್ಲಿ ಎಪಿಥೀಲಿಯಂ ಕೋಶಗಳಿವೆ, ಅವುಗಳ ಕೆಳಗೆ ಆಧಾರವಾಗಿ ಸ್ಟ್ರೋಮ ಕೋಶಗಳು. ಗ್ರಾಹಕ ಎರಡರಲ್ಲೂ ಇದೆ. ವಿಭಜನೆಯಾಗುವ ಎಪಿಥೀಲಿಯಂ ತನ್ನದೇ ಗ್ರಾಹಕದಿಂದ ಆದೇಶ ಪಡೆಯುತ್ತದೆ ಎಂದು ಯಾರಾದರೂ ಊಹಿಸುವುದು ಸಹಜ. 1997ರಲ್ಲಿ ಪಾಲ್ ಕುಕ್, ಜೆರಾಲ್ಡ್ ಕುನ್ಹಾ ಮತ್ತು ಸಂಗಡಿಗರು ಗ್ರಾಹಕವೇ ಇಲ್ಲದ ಇಲಿಗಳ ಹಾಗೂ ಸಾಮಾನ್ಯ ಇಲಿಗಳ ಅಂಗಾಂಶಗಳನ್ನು ಬಿಡಿಸಿ, ಅದಲುಬದಲು ಮಾಡಿ ಜೋಡಿಸಿದರು. ಗ್ರಾಹಕವಿಲ್ಲದ ಎಪಿಥೀಲಿಯಂ ಕೂಡ ಸಾಮಾನ್ಯ ಸ್ಟ್ರೋಮದ ಮೇಲೆ ಕೂತಾಗ ಈಸ್ಟ್ರಡೈಯಾಲ್‌ಗೆ ಬೆಳೆಯಿತು. ಗ್ರಾಹಕವಿರುವ ಎಪಿಥೀಲಿಯಂ, ಗ್ರಾಹಕವಿಲ್ಲದ ಸ್ಟ್ರೋಮದ ಮೇಲೆ ಬೆಳೆಯಲಿಲ್ಲ. ಅಂದರೆ ಆದೇಶ ಕೇಳಿಸಿಕೊಳ್ಳುವುದು ಕೆಳಗಿನ ಸ್ಟ್ರೋಮ. ಅದು ಐಜಿಎಫ್-1ರಂತಹ ಬೆಳವಣಿಗೆಯ ಅಂಶಗಳನ್ನು ಸ್ರವಿಸಿ ಮೇಲಿನ ನೆರೆಯವರನ್ನು ಎಬ್ಬಿಸುತ್ತದೆ.

ತಡೆಯೂ ಇದೇ ಹಾದಿಯಲ್ಲಿ ಬರುತ್ತದೆ. ಒಳಪದರದಲ್ಲಿ ಈಸ್ಟ್ರೊಜನ್ ಚಾಲೂ ಮಾಡುವ ಜೀನ್‌ಗಳಲ್ಲಿ ಒಂದು ಪ್ರೊಜೆಸ್ಟರೋನ್ ಗ್ರಾಹಕದ ಜೀನ್. ಅಂಡೋತ್ಸರ್ಗದ ನಂತರ ಬರುವ ಪ್ರೊಜೆಸ್ಟರೋನ್ ಸ್ಟ್ರೋಮದಲ್ಲಿ 'ಹ್ಯಾಂಡ್2' ಎಂಬ ಪ್ರೋಟೀನನ್ನು ಹೆಚ್ಚಿಸಿ ಬೆಳವಣಿಗೆಯ ಅಂಶಗಳನ್ನು ಅಡಗಿಸುತ್ತದೆ ಎಂದು 2011ರಲ್ಲಿ ಇಂದ್ರಾಣಿ ಬಾಗ್ಚಿ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿದರು.

ಈ ತಡೆ ಇಲ್ಲದಿದ್ದರೆ? 1975ರಲ್ಲಿ ಅಮೆರಿಕದಿಂದ ಬಂದ ಎರಡು ವರದಿಗಳು ಉತ್ತರ ಕೊಟ್ಟವು. ಋತುಬಂಧದ ತೊಂದರೆಗಳಿಗೆಂದು ಈಸ್ಟ್ರೊಜನ್ ತೆಗೆದುಕೊಂಡ ಮಹಿಳೆಯರಲ್ಲಿ ಗರ್ಭಾಶಯದ ಒಳಪದರದ ಕ್ಯಾನ್ಸರಿನ ಸಂಭವ ಹಲವು ಪಟ್ಟು ಹೆಚ್ಚಿತ್ತು. ಗರ್ಭಾಶಯ ಇರುವವರಿಗೆ ಈಗ ಪ್ರೊಜೆಸ್ಟರೋನ್ ಮಾದರಿಯ ಔಷಧವನ್ನೂ ಜೊತೆಗೆ ಕೊಡುತ್ತಾರೆ. ಔಷಧವಿಲ್ಲದೆಯೂ ಇಂಥ ಸ್ಥಿತಿ ಬರಬಹುದು. ಪಿಸಿಒಎಸ್ ಇರುವವರಲ್ಲಿ ಅಂಡೋತ್ಸರ್ಗ ತಪ್ಪಿದಾಗ ಪ್ರೊಜೆಸ್ಟರೋನ್ ಬರುವುದೇ ಇಲ್ಲ. ಋತುಬಂಧದ ಬಳಿಕ ಅಂಡಾಶಯ ಸುಮ್ಮನಾದರೂ ಕೊಬ್ಬಿನ ಅಂಗಾಂಶ ಈಸ್ಟ್ರೊಜನ್ ತಯಾರಿಸುತ್ತಲೇ ಇರುತ್ತದೆ. ಬೊಜ್ಜು ಹೆಚ್ಚಿದಷ್ಟೂ ಹೆಚ್ಚು. ಋತುಬಂಧವಾದ ಮೇಲೆ ಕಾಣುವ ರಕ್ತಸ್ರಾವವನ್ನು, ಒಂದೇ ಒಂದು ಕಲೆಯಾದರೂ ಸರಿ, ವೈದ್ಯರು ತಪಾಸಣೆ ಮಾಡದೆ ಬಿಡದಿರುವುದು ಇದಕ್ಕೇ.